ಎರಡು ನಿಮಿಷ ಅಲ್ಲಾಡಬೇಡ, ಅತ್ತೆ

ನನ್ನ ಕೈಚೀಲದಲ್ಲಿ ಮೂರು ಟಾರ್ಚುಗಳಿವೆ. ಒಂದು ಬೆರಳಿನಷ್ಟು ಉದ್ದದ್ದು. ಇನ್ನೊಂದು ಲಟ್ಟಣಿಗೆಯಷ್ಟು ದಪ್ಪದ್ದು. ಮೂರನೆಯದರ ಬಾಯಿಗೆ ಸ್ವೀಟ್ ಡಬ್ಬಿಯ ಕೆಂಪು ಜಿಲೆಟಿನ್ ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿದಿದ್ದೇನೆ. ಮೊನ್ನೆ ಕಾಲೇಜಿನಲ್ಲಿ ಕರೆಂಟು ಹೋಗಿ, ಕಿಟಕಿಯಿಲ್ಲದ ನಮ್ಮ ಸ್ಟಾಫ್ ರೂಮು ಹಗಲಲ್ಲೇ ಕತ್ತಲಾದಾಗ ಕೈಗೆ ಸಿಕ್ಕಿದ್ದು ಈ ಮೂರನೆಯದು. ಹೊತ್ತಿಸಿದೆ. ಉತ್ತರಪತ್ರಿಕೆಯ ಕಟ್ಟು, ಟೀ ಲೋಟ, ಸಹೋದ್ಯೋಗಿಗಳ ಹಣೆ, ಎಲ್ಲವೂ ಕೆಂಪಾದವು. "ಮೇಡಂ, ಮಾಟ ಮಾಡ್ಸಕ್ಕೆ ಓಯ್ತಿದ್ದೀರಾ?" ಎಂದು ಅಟೆಂಡರ್ ರಾಜಮ್ಮ ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೊಳಗೇ ಉರಿದುಕೊಂಡೆ. ಈ ಹಾಸನ ಜಿಲ್ಲೆಯಲ್ಲಿ ನಲವತ್ತೆಂಟು ವರ್ಷದ ಹೆಂಗಸೊಬ್ಬಳು ಟಾರ್ಚು ಹಿಡಿದರೆ ಅದಕ್ಕೊಂದು ವಿವರಣೆ ಕೊಡಲೇಬೇಕು. ಸ್ಟಾಫ್ ರೂಮಿನಲ್ಲಿ ಯಾರೂ ಪೂರ್ತಿ ಕೇಳಲಿಲ್ಲ, ಅಷ್ಟರಲ್ಲಿ ಕರೆಂಟು ಬಂತು. ನೀವಾದರೂ ಕೇಳಿ.

ನಾನು ರಾತ್ರಿ ಹೊತ್ತು ಬೆಳಕಿನಿಂದ ಚಿತ್ರ ಬರೆಯುತ್ತೇನೆ. ಹೀಗೆಂದರೆ ಏನೋ ಕವಿತೆಯ ಹಾಗೆ ಕೇಳಿಸುತ್ತದೆ, ಆದರೆ ಕೆಲಸ ಸುಣ್ಣ ಬಳಿಯುವವರದು. ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿ, ಕಗ್ಗತ್ತಲಲ್ಲಿ ಅದರ ಕಣ್ಣನ್ನು ಒಂದೋ ಎರಡೋ ನಿಮಿಷ ತೆರೆದೇ ಬಿಡುವುದು. ಅಷ್ಟು ಹೊತ್ತೂ ಟಾರ್ಚು ಹಿಡಿದು ಓಡಾಡುತ್ತ ಮರವನ್ನೋ ಗೋಡೆಯನ್ನೋ ಬೆಳಕಿನಲ್ಲಿ ಸವರುವುದು. ಸವರಿದಷ್ಟೇ ಚಿತ್ರದಲ್ಲಿ ಮೂಡುತ್ತದೆ. ಟಾರ್ಚಿನ ಮುಖ ಕ್ಯಾಮೆರಾಕ್ಕೆ ಕಂಡರೆ, ಅದು ಸಾಗಿದ ದಾರಿಯೆಲ್ಲ ಗೆರೆಯಾಗಿ ನಿಲ್ಲುತ್ತದೆ. ಸವರುವ ಮನುಷ್ಯರು ಒಂದೇ ಕಡೆ ನಿಲ್ಲದೆ ನಡೆಯುತ್ತಿದ್ದರೆ ಚಿತ್ರದಲ್ಲಿ ಬರುವುದೇ ಇಲ್ಲ. ಹಾಸನದಲ್ಲಿ ಎರಡು ಭಾನುವಾರ ನಡೆದ ತರಗತಿಯೊಂದರಲ್ಲಿ, ತಲೆಗೆ ಟೋಪಿ ಹಾಕಿಕೊಂಡ ಹುಡುಗನೊಬ್ಬ ನಮಗೆ ಇದನ್ನೆಲ್ಲ ಹೇಳಿಕೊಟ್ಟ. ಕಪ್ಪು ಬಟ್ಟೆ ತೊಡಿ, ಸದ್ದು ಮಾಡಬೇಡಿ, ಕತ್ತಲನ್ನು ಗೌರವಿಸಿ ಎಂದ. ಅವನ ಊರು ಯಾವುದೋ. ನಮ್ಮ ಊರುಗಳಲ್ಲಿ ಕತ್ತಲನ್ನು ಯಾರೂ ಗೌರವಿಸುವುದಿಲ್ಲ. ಕಂಡ ಕೂಡಲೇ ಸಹಾಯಕ್ಕೆ ಬರುತ್ತಾರೆ.

ಸಾಲಗಾಮೆ ರಸ್ತೆಯ ಬದಿಯಲ್ಲಿ ಒಂದು ಒಂಟಿ ಆಲದ ಮರವಿದೆ. ನನ್ನ ಮೊದಲ ಪ್ರಯತ್ನ ಅದರ ಮೇಲೆ. ಸಂಜೆ ಏಳೂವರೆ. ಕ್ಯಾಮೆರಾ ತೆರೆದು, ಕಪ್ಪು ಚೂಡಿದಾರದಲ್ಲಿ ಬಗ್ಗಿಕೊಂಡು, ಬೇರಿನಿಂದ ಬೇರಿಗೆ ಬೆಳಕು ಸವರುತ್ತಿದ್ದೆ. ಬೈಕೊಂದು ನಿಂತಿತು.

"ಏನ್ ಬಿದ್ದೋಯ್ತು ಮೇಡಂ?"

"ಏನೂ ಬಿದ್ದಿಲ್ಲ. ಫೋಟೋ ತೆಗೀತಿದ್ದೀನಿ."

"ಕತ್ಲೇಲಾ?" ಆತ ಬೈಕಿನಿಂದ ಇಳಿದ. "ನಾಚ್ಕೋಬ್ಯಾಡಿ, ಏಳಿ. ಓಲೆನಾ, ಉಂಗ್ರಾನಾ?"

ಹೇಳುವಷ್ಟರಲ್ಲಿ ಅವನ ಮೊಬೈಲಿನ ಬೆಳಕು ನನ್ನ ಲೆನ್ಸಿನ ಒಳಗೇ ನುಗ್ಗಿತ್ತು. ಹಿಂದೆ ಬಂದ ಇನ್ನೊಂದು ಬೈಕನ್ನು ಅವನೇ ತಡೆದ. "ಲೇ ಕುಮಾರ, ನಿಲ್ಸಲಾ. ಮೇಡಂದು ಓಲೆ ಬಿದ್ದೋಗೈತೆ, ಬಂಗಾರದ್ದು." ಹತ್ತು ನಿಮಿಷದಲ್ಲಿ ಐದು ಜನ, ಐದು ಮೊಬೈಲು, ಆಲದ ಬೇರುಗಳ ನಡುವೆ ಮಂಡಿಯೂರಿ ನಾನು ಕಳೆದುಕೊಳ್ಳದ ಓಲೆಯನ್ನು ಹುಡುಕುತ್ತಿದ್ದರು. ಒಬ್ಬನಿಗಂತೂ ಮುಳ್ಳು ಚುಚ್ಚಿ ರಕ್ತವೇ ಬಂತು. ಬೈಯಲು ಬಾಯಿ ಬರುತ್ತದೆಯೇ? ಕೊನೆಗೆ ನಾನೇ ಕತ್ತಲಲ್ಲಿ ತಿರುಗಿ ನಿಂತು, ಕಿವಿಯಲ್ಲಿದ್ದ ಓಲೆ ಬಿಚ್ಚಿ, ನೆಲಕ್ಕೆ ಬಗ್ಗಿ, "ಸಿಕ್ತು!" ಎಂದೆ. ಚಪ್ಪಾಳೆ ಬಿತ್ತು. "ಉಷಾರಾಗಿರ್ಬೇಕು ಮೇಡಂ" ಎಂದು ಬುದ್ಧಿ ಹೇಳಿ ಹೊರಟರು. ಚಿತ್ರದಲ್ಲಿ ಮರ ಬರಲೇ ಇಲ್ಲ. ಹುಚ್ಚು ಹಿಡಿದ ಮಿಣುಕುಹುಳುಗಳ ಜಾತ್ರೆಯಂತೆ ಗೀಚು ಗೀಚು ಬೆಳಕು.

ಐದು ಜನ ಎಂದೆನಲ್ಲ. ಈಗ ದಿನಚರಿ ತೆಗೆದು ನೋಡಿದರೆ ಅದರಲ್ಲಿ "ಮೂವರು" ಎಂದಿದೆ. ಹೇಳುತ್ತ ಹೇಳುತ್ತ ಇಬ್ಬರು ಹೆಚ್ಚಾಗಿದ್ದಾರೆ. ಮುಳ್ಳು ಚುಚ್ಚಿದವನು ಆ ಮೂವರಲ್ಲಿದ್ದನೋ ಆಮೇಲೆ ಸೇರಿಕೊಂಡವನೋ, ಪ್ರಮಾಣ ಮಾಡಿ ಹೇಳಲಾರೆ. ಹನ್ನೊಂದನೇ ವಯಸ್ಸಿನಿಂದ ನಾನು ದಿನಚರಿ ಬರೆಯುತ್ತಿರುವುದು ಇದಕ್ಕೇ. ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ.

ಮನೆಯಲ್ಲಿ ಈ ಹವ್ಯಾಸಕ್ಕೆ ಸಿಕ್ಕ ಪ್ರೋತ್ಸಾಹವನ್ನೂ ಹೇಳಿಬಿಡುತ್ತೇನೆ. ನನ್ನ ಗಂಡನಿಗೆ ಚನ್ನರಾಯಪಟ್ಟಣದಲ್ಲಿ ಕೆಲಸ. ದಿನಾ ಬಸ್ಸಿನಲ್ಲಿ ಹೋಗಿಬಂದು ಸೊಂಟ ಹಿಡಿದುಕೊಂಡು ಕೂರುವ ಮನುಷ್ಯ. ಆಲದ ಮರದ ಕಥೆ ಪೂರ್ತಿ ಕೇಳಿ, "ಅದೇ ಟಾರ್ಚನ್ನ ನಮ್ಮ ಸಂಪಿನೊಳಗೆ ಒಂದ್ಸಲ ಬಿಡು. ಮೋಟರ್ ಯಾಕೆ ನೀರೆತ್ತುತಿಲ್ಲ ನೋಡೋಣ" ಎಂದರು. ದುದ್ದದ ಹತ್ತಿರ ಎರಡನೇ ಪ್ರಯತ್ನ ಮಾಡಿದಾಗ ಹಾಲಿನ ವ್ಯಾನು ಬಂದು ನನ್ನ ಮುಂದೆಯೇ ನಿಂತು, ಹೆಡ್‌ಲೈಟು ಆರಿಸದೆ, "ಹಾಸನಕ್ಕಾ? ಅತ್ಕಳಿ" ಎಂದದ್ದನ್ನು ನಾನು ಇವರಿಗೆ ಹೇಳಲೇ ಇಲ್ಲ.

ಅಲುಗಾಡಿ ಕೆಟ್ಟ ಚಿತ್ರಗಳ ವಿಷಯಕ್ಕೆ ಬಂದರೆ ನಮ್ಮ ವಂಶದಲ್ಲಿ ಪುಟ್ಟತಾಯತ್ತೆಯನ್ನು ಮೀರಿಸಿದವರಿಲ್ಲ. ನಮ್ಮಪ್ಪನ ತಂಗಿ. ನಾನು ಚಿಕ್ಕವಳಿದ್ದಾಗ ಹೊಳೆನರಸೀಪುರದ ಸ್ಟುಡಿಯೋವೊಂದರಲ್ಲಿ ಮನೆಮಂದಿಯೆಲ್ಲ ಸೇರಿ ಫೋಟೋ ತೆಗೆಸಿಕೊಂಡಿದ್ದೆವು. ಹಿಂದಿನ ಪರದೆಯ ಮೇಲೆ ಹಂಸಗಳಿದ್ದ ಕೊಳವೊಂದನ್ನು ಬರೆದಿತ್ತೆಂದು ನನ್ನ ನೆನಪು, ಫೋಟೋದಲ್ಲಿರುವುದು ಬರಿಯ ನೀಲಿ ಪರದೆ. ಅದಿರಲಿ. ಫೋಟೋಗ್ರಾಫರು "ಯಾರೂ ಅಲ್ಲಾಡ್ಬೇಡಿ" ಎಂದು ಮೂರು ಸಲ ಹೇಳಿದ್ದರಂತೆ. ಎಲ್ಲರೂ ಕಲ್ಲಾಗಿ ಕೂತಿದ್ದಾರೆ. ಅತ್ತೆಯ ಮುಖ ಮಾತ್ರ ಮಸಿಬಟ್ಟೆಯಲ್ಲಿ ಒರೆಸಿದಂತಿದೆ, ಏಕೆಂದರೆ ಅದೇ ಕ್ಷಣಕ್ಕೆ ಅವಳಿಗೆ ನನ್ನ ಜಡೆಯ ಟೇಪು ಬಿಚ್ಚಿಕೊಂಡದ್ದು ಕಂಡಿತ್ತು. ಅವಳ ಮದುವೆಯ ಫೋಟೋದಲ್ಲೂ, ಅವಳ ಮಗ ಲೋಕೇಶನ ನಾಮಕರಣದ ಫೋಟೋದಲ್ಲೂ ಇದೇ ಕಥೆ. ಅತ್ತೆ ಯಾವುದಕ್ಕೋ ಎದ್ದಿರುತ್ತಾಳೆ, ಇಲ್ಲವೆ ಏಳುತ್ತಿರುತ್ತಾಳೆ.

ಈ ಅತ್ತೆ ಕಳೆದ ವರ್ಷ ಒಂದು ಮಧ್ಯಾಹ್ನ ಫೋನು ಮಾಡಿದಳು. ಅವಳ ಊರು ಅರಕಲಗೂಡಿನಿಂದ ಆಟೋದಲ್ಲಿ ಇಪ್ಪತ್ತು ನಿಮಿಷ.

"ನೋಡ್ಮಗ, ಪಕ್ಕದ ಒಲಕ್ಕೆ ಕೃಷಿ ಒಂಡ ತೋಡಕ್ಕೆ ಜೆಸಿಬಿ ಬಂದೈತೆ. ಅದ್ರ ಜೊತೇಲೇ ನಮ್ಮ ಬ್ಯಾರನ್ನೂ ಕೆಡವ್ಸಿಬುಡ್ತೀನಿ ಅಂತವ್ನೆ ಲೋಕೇಶ. ನಾಳೆ ಬೆಳಿಗ್ಗೆ. ನೀನು ರಾತ್ರಿ ಪಟ ತೆಗೆಯೋದು ಕಲ್ತಿದ್ದೀಯಂತಲ್ಲ, ಇವತ್ತೇ ಬಾ."

"ಅಯ್ಯೋ, ಬೇಡ ಅನ್ನು ಅತ್ತೆ. ಒಂದು ವಾರ ತಡಿ ಅನ್ನು."

"ಯಾಕ್ ಬ್ಯಾಡ? ಗ್ವಾಡೆ ಒಟ್ಟೆ ಬುಟ್ಕಂಡು ನಿಂತೈತೆ. ದನಿನ ಮ್ಯಾಲೆ ಬಿದ್ರೆ ನೀನ್ ಬತ್ತೀಯಾ? ಕೆಡವ್ಲಿ. ನಂಗೊಂದು ಪಟ ಬೇಕು ಅಷ್ಟೆ."

ಅರಕಲಗೂಡು ಕಡೆಯವರಿಗೆ ಬ್ಯಾರನ್ ಎಂದರೇನೆಂದು ಹೇಳಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ಅದು ಹೊಗೆಸೊಪ್ಪು ಬೇಯಿಸುವ ಮನೆ. ಮೂರಾಳೆತ್ತರದ ಗೋಡೆ, ಮೇಲೆ ಹೆಂಚು, ಒಳಗೆ ಗಳುಗಳ ಮೇಲೆ ಸಾಲು ಸಾಲು ತೂಗುಬಿಟ್ಟ ಹಸಿ ಎಲೆ. ಹೊರಗಿನಿಂದ ಉರಿ ಹಾಕಿ, ಶಾಖವನ್ನು ಮೆಲ್ಲಗೆ ಏರಿಸುತ್ತ ಐದಾರು ದಿನ ಹಗಲೂ ರಾತ್ರಿ ಕಾಯಬೇಕು. ಗೋಡೆಯಲ್ಲಿ ಅಂಗೈಯಗಲದ ಒಂದು ಗಾಜಿನ ಕಿಂಡಿ, ಅದರ ಒಳಗೆ ಉಷ್ಣಮಾಪಕ. ಗಂಟೆಗೊಮ್ಮೆ ಕಿಂಡಿಗೆ ಟಾರ್ಚು ಬಿಟ್ಟು ಶಾಖ ಎಷ್ಟಿದೆಯೆಂದು ನೋಡಬೇಕು. ಒಂದು ರಾತ್ರಿ ಅದು ಹೆಚ್ಚುಕಡಿಮೆಯಾದರೂ ಹೊಂಬಣ್ಣಕ್ಕೆ ತಿರುಗಬೇಕಾದ ಸೊಪ್ಪು ಕಪ್ಪಾಗಿ, ವರ್ಷದ ದುಡಿಮೆ ಮಣ್ಣಾಗುತ್ತದೆ. ಅತ್ತೆಯ ಮಗ ಲೋಕೇಶ ಈಗ ಸೊಪ್ಪು ಬಿಟ್ಟು ಶುಂಠಿ, ಜೋಳಕ್ಕೆ ಇಳಿದಿದ್ದಾನೆ. ಬ್ಯಾರನ್ ಹಾಗೇ ನಿಂತಿತ್ತು.

ನಾನು ಹೋಗುವಷ್ಟರಲ್ಲಿ ಸಂಜೆ ಆರು. ಟೀ ಕೊಟ್ಟು ಅತ್ತೆ ಗೋಡೆಯ ಮೇಲಿನ ಫೋಟೋ ತೋರಿಸಿದಳು. ತೀರಿಹೋದ ಸಣ್ಣೇಗೌಡ ಮಾವ ಬಿಳಿ ಪಂಚೆ ಉಟ್ಟು, ಹುಲಿ ಹೊಡೆದವನು ಹುಲಿಯ ಮೇಲೆ ಕೈಯಿಟ್ಟ ಹಾಗೆ ಬ್ಯಾರನ್ನಿನ ಗೋಡೆಯ ಮೇಲೆ ಕೈಯಿಟ್ಟು ನಿಂತಿದ್ದಾನೆ. ಸುತ್ತಲ ಊರಿನವರೆಲ್ಲ ಅವನನ್ನು ಬ್ಯಾರನ್ ಸಣ್ಣೇಗೌಡ ಎಂದೇ ಕರೆಯುತ್ತಿದ್ದರು. ಅವನು ಬೇಯಿಸಿದ ಸೊಪ್ಪು ಎಂದೂ ಕಪ್ಪಾದದ್ದಿಲ್ಲವಂತೆ.

"ಇದು ಅಗಲೊತ್ತು ತೆಗ್ಸಿದ್ದು" ಎಂದಳು ಅತ್ತೆ. "ಅಗಲೆಲ್ಲ ಅದು ಅವುರ್ದು. ರಾತ್ರಿ ನಂದು ಕಣೇ."

"ಅಂದ್ರೆ?"

"ಅಂದ್ರೇನು, ನಿಮ್ಮಾವ ಟಾರ್ಚ್‌ನ ಎದೆ ಮ್ಯಾಲೆ ಮಡಿಕ್ಕಂಡು ಮಲ್ಗಿದ್ರೆ ಗುಡುಗು ಬಂದ್ರೂ ಏಳ್ತಿರ್ಲಿಲ್ಲ. ಆ ಎದೆ ಮ್ಯಾಲಿಂದ್ಲೇ ಟಾರ್ಚ್ ತಗಂಡು ನಾನ್ ಓಯ್ತಿದ್ದೆ. ಗಂಟೆಗೊಂದ್ ಸಲ. ಅಷ್ಟ್ ವರ್ಸಾನೂವೆ. ಬೆಳಿಗ್ಗೆ ಯಾರಾದ್ರೂ ಬಂದ್ರೆ, ಕಣ್ಣೇ ಮುಚ್ಚಿಲ್ಲ ಕಣ್ರಪ್ಪ ಅನ್ನೋರು."

"ನೀನು ಸುಮ್ನಿದ್ಯಾ?"

"ಏನಂತ ಏಳಾದು? ಪಾಪ, ಅವ್ರಿಗೂ ಊರಲ್ಲೊಂದು ಎಸ್ರು ಬೇಕಿತ್ತು. ಈಗ ಅವ್ರಿಲ್ಲ, ನಾಳಿಕ್ಕೆ ಬ್ಯಾರನ್ನೂ ಇರಕ್ಕಿಲ್ಲ. ಇದ್ರ ಪಕ್ಕಕ್ಕೆ ನಂದೊಂದು ತೂಗಾಕ್ಬೇಕು. ಮೊಮ್ಮಕ್ಳು ಕೇಳಿದ್ರೆ ತೋರ್ಸಕ್ಕೆ, ಈ ಮುದ್ಕೀನೂ ಸೊಪ್ಪು ಬೇಯ್ಸಿದ್ಳು ಅಂತ."

ಇದಿಷ್ಟನ್ನೂ ನಾನು ಕಿವಿಯಾರೆ ಕೇಳಿದೆ. ತಲೆಯಾಡಿಸಿದೆ. ಅದೇ ರಾತ್ರಿ ದಿನಚರಿಯಲ್ಲಿ ಬರೆದೂ ಇಟ್ಟೆ. ಆದರೂ ನನ್ನ ತಲೆಯೊಳಗೆ ಓಡುತ್ತಿದ್ದದ್ದು ಟೋಪಿಯ ಹುಡುಗನ ಪಾಠ. ಗೋಡೆಗೆ ಬಲಗಡೆಯಿಂದ ಹಳದಿ ಬೆಳಕು, ಹೆಂಚಿಗೆ ಕೆಂಪು, ಮುಂದೆ ಮಂಚದ ಮೇಲೆ ನಿಶ್ಚಲವಾಗಿ ಕೂತ ವೃದ್ಧೆ. ನಿಶ್ಚಲ ಎಂಬ ಪದವನ್ನು ಪುಟ್ಟತಾಯತ್ತೆಯ ಪಕ್ಕದಲ್ಲಿಟ್ಟು ಯೋಚಿಸುವಷ್ಟು ಬುದ್ಧಿ, ಎಂ.ಎ. ಮಾಡಿದ್ದರೂ, ನನಗೆ ಇರಲಿಲ್ಲ.

ಎಂಟು ಗಂಟೆಗೆ ಕತ್ತಲು ಹದವಾಯಿತು. ಬ್ಯಾರನ್ನಿನ ಮುಂದೆ, ತೆಂಗಿನ ಮರದ ಬುಡದಲ್ಲಿ, ಹಗ್ಗದ ಮಂಚ ಹಾಕಿ ಅತ್ತೆಯನ್ನು ಕೂರಿಸಿದೆ. ತನ್ನದೂ ಇರಲಿ ಎಂದು ಅವಳು ಮಾವನ ಹಳೇ ಟಾರ್ಚನ್ನು ಮಡಿಲಲ್ಲಿ ಇಟ್ಟುಕೊಂಡಳು. "ಎರಡು ನಿಮಿಷ ಅಲ್ಲಾಡಬೇಡ, ಅತ್ತೆ" ಎಂದೆ. "ಎಲ್ಡೇ ನಿಮಿಷ್ವಾ? ಗಂಟೆ ಬೇಕಾದ್ರೂ ಕೂರ್ತೀನಿ" ಎಂದಳು.

ಮೊದಲನೆಯ ಸಲ, ಕ್ಯಾಮೆರಾ ತೆರೆದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅಂಗಳದ ಟ್ಯೂಬ್‌ಲೈಟು ಭಗ್ಗೆಂದಿತು. ಲೋಕೇಶ ಬಾಗಿಲಲ್ಲಿ ನಿಂತಿದ್ದ. "ಕತ್ಲೇಲಿ ಏನ್ ಕಾಣ್ತದಕ್ಕ ನಿಂಗೆ? ಆಕಿವ್ನಿ ನೋಡು."

"ಆರ್ಸೋ ಮಾರಾಯ!"

"ಆರ್ಸಿದ್ರೆ ಎಂಗ್ ತೆಗಿತೀಯ?" ಕೇಳುವ ಪ್ರಶ್ನೆಯೇ. ಇವನಿಗೆ ಉತ್ತರ ಹೇಳಿ ಮುಗಿಸಲು ಕಾಲು ಗಂಟೆ ಹಿಡಿಯಿತು. ಕೊನೆಗೂ ಅವನಿಗೆ ಅರ್ಥವಾಗಲಿಲ್ಲ, ದೀಪ ಮಾತ್ರ ಆರಿಸಿದ.

ಎರಡನೆಯ ಸಲ, ಕತ್ತಲಲ್ಲಿ ಟಾರ್ಚು ಓಡಾಡುವುದನ್ನು ದೂರದಿಂದ ಕಂಡ ಪಕ್ಕದ ಹೊಲದ ಕಾಳೇಗೌಡ ಬೈಕೇರಿ ಬಂದ. ಆ ಕಡೆ ರಾತ್ರಿ ಟಾರ್ಚು ಬೀಸಿದರೆ ಆನೆ ಬಂದಿದೆ, ಬನ್ನಿ ಎಂದು ಅರ್ಥವಂತೆ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಬೈಕಿನ ಬೆಳಕನ್ನು ನೇರವಾಗಿ ಅತ್ತೆಯ ಮುಖಕ್ಕೇ ಬಿಟ್ಟುಕೊಂಡು, ಕೈಯಲ್ಲಿ ಪಟಾಕಿ ಸರ ಹಿಡಿದು, "ಯಾವ್ ಕಡೀಕ್ ಓಯ್ತು?" ಎಂದ.

"ಆನೆ ಇಲ್ಲ ಕಣ್ಲಾ, ಪಟ ತೆಗೀತಾವ್ಳೆ ನಮ್ಮಣ್ಣನ ಮಗ್ಳು" ಎಂದಳು ಅತ್ತೆ, ಅಲ್ಲಾಡದೆ.

"ಯಾರ್ದು, ಆನೇದಾ?"

"ನಂದು."

"ಎಲ್ಡೂ ಒಂದೇಯ" ಎಂದು ಕಾಳೇಗೌಡ ನಕ್ಕು ಪಟಾಕಿ ಜೇಬಿಗಿಟ್ಟ. ಅತ್ತೆಗೂ ನಗು ತಡೆಯಲಾಗಲಿಲ್ಲ. ಆ ಚಿತ್ರದಲ್ಲಿ ಅವಳಿಗೆ ನಾಲ್ಕು ತಲೆ.

ಮೂರನೆಯದರಲ್ಲಿ ಹಸು ಕೂಗಿತು, ಅತ್ತೆ ಅದಕ್ಕೆ ಉತ್ತರ ಕೊಟ್ಟಳು. ನನ್ನ ತಾಳ್ಮೆಯ ದಾರ ಅಷ್ಟರಲ್ಲಿ ಎಳೆ ಎಳೆ ಬಿಚ್ಚಿಕೊಂಡಿತ್ತು. ಬೆನ್ನು ನೋಯುತ್ತಿತ್ತು, ಸೊಳ್ಳೆ ಕಚ್ಚುತ್ತಿದ್ದವು, ಬ್ಯಾಟರಿ ಕೆಂಪು ತೋರಿಸುತ್ತಿತ್ತು.

ನಾಲ್ಕನೆಯದು ಚೆನ್ನಾಗಿ ಶುರುವಾಯಿತು. ಯಾರೂ ಬರಲಿಲ್ಲ. ನಾನು ಬಲಗೋಡೆ ಮುಗಿಸಿ ಹೆಂಚಿಗೆ ಬೆಳಕು ಬಿಡುತ್ತಿದ್ದೆ. ಎಡಗಡೆ ಏನೋ ಬೆಳಕು ಚಲಿಸಿದಂತಾಯಿತು. ತಿರುಗಿ ನೋಡಿದರೆ ಮಂಚದ ಮೇಲೆ ಅತ್ತೆ ಇಲ್ಲ! ಮಾವನ ಟಾರ್ಚು ಹೊತ್ತಿಸಿಕೊಂಡು ನೆಟ್ಟಗೆ ಕಿಂಡಿಯ ಕಡೆ ನಡೆದಿದ್ದಾಳೆ. ಕಿಂಡಿಗೆ ಬೆಳಕು ಬಿಟ್ಟು, ಕತ್ತು ಚಾಚಿ ಒಳಗೆ ನೋಡುತ್ತಿದ್ದಾಳೆ. ಅಲ್ಲಿ ನೋಡಲಿಕ್ಕೆ ಉಷ್ಣಮಾಪಕವೂ ಇಲ್ಲ.

ನನಗೆ ಎಲ್ಲಿತ್ತೋ ಸಿಟ್ಟು. "ಎರಡು ನಿಮಿಷ ಕೂರಕ್ಕಾಗಲ್ವಾ ನಿನಗೆ? ಹುಟ್ಟಿದಾಗಿಂದ ಒಂದು ಫೋಟೋಗಾದ್ರೂ ಸುಮ್ನೆ ಕೂತಿದ್ದೀಯಾ? ನಿನಗೋಸ್ಕರ ತಾನೇ ನಾನಿಲ್ಲಿ ಒದ್ದಾಡ್ತಿರೋದು?" ಎಂದು ಕೂಗಿದೆ. ಕಾಲೇಜಿನಲ್ಲಿ ಕೊನೆಯ ಬೆಂಚಿನವರಿಗೆ ಕೂಗುವ ಗಂಟಲು ಅದು.

ಅತ್ತೆ ಟಾರ್ಚು ಆರಿಸಿದಳು. "ಗ್ಯಾನ ಇರ್ಲಿಲ್ಲ ಕಣ್ಮಗ" ಎಂದು ಬಂದು ಮಂಚದ ಮೇಲೆ ಕೂತಳು. ನಾನು ಕ್ಯಾಮೆರಾದ ಪರದೆಯನ್ನು ಒಂದು ಕ್ಷಣ ನೋಡಿ, ಹೆಬ್ಬೆರಳಲ್ಲಿ ಒತ್ತಿ ಆ ಚಿತ್ರವನ್ನು ಅಳಿಸಿಹಾಕಿದೆ. ಅಳಿಸುವ ಅಗತ್ಯವೇನೂ ಇರಲಿಲ್ಲ, ಜಾಗ ಬೇಕಾದಷ್ಟಿತ್ತು. ಕೆಟ್ಟ ಉಳಿದ ಮೂರನ್ನು ಅಳಿಸಿರಲಿಲ್ಲ. ಸಿಟ್ಟಿಗೆ ಏನಾದರೂ ಒಂದು ಬೇಕಿತ್ತು, ಅಷ್ಟೆ.

ಐದನೆಯದು ಅದ್ಭುತವಾಗಿ ಬಂತು. ಬ್ಯಾರನ್ ಒಳಗಿನಿಂದಲೇ ಹೊಳೆಯುವ ಹಾಗೆ ಬಂಗಾರದ ಬಣ್ಣ, ಮೇಲೆ ನಕ್ಷತ್ರ, ಮುಂದೆ ಅತ್ತೆ. ಎರಡು ನಿಮಿಷ ರೆಪ್ಪೆಯನ್ನೂ ಆಡಿಸದೆ, ಆಧಾರ್ ಕಾರ್ಡಿಗೆ ಕೂತವಳ ಹಾಗೆ ಕೂತಿದ್ದಾಳೆ.

ಬೆಳಿಗ್ಗೆ ಹಾಲು ಕರೆದು ಬಂದ ಅತ್ತೆಗೆ ಅದನ್ನು ತೋರಿಸಿದೆ. ಸೆರಗಿನಲ್ಲಿ ಕೈ ಒರೆಸಿಕೊಂಡು ನೋಡಿದಳು.

"ಚೆನ್ನಾಗೈತೆ. ಬ್ಯಾರನ್ನು ದೇವಸ್ಥಾನ ಇದ್ದಂಗೈತೆ."

"ನೀನು?"

"ನಾನೆಲ್ಲಿವ್ನಿ ಇದ್ರಲ್ಲಿ?"

"ಇಲ್ಲೇ ಮುಂದೆ ಇದ್ದೀಯಲ್ಲ ಅತ್ತೆ!"

"ಯಾವ್ದೋ ಊರಿಂದ ಬಂದ ನೆಂಟ್ರವ್ಳು ಕೂತಂಗೈತೆ" ಎಂದಳು. ಬೇಸರದಿಂದೇನೂ ಅಲ್ಲ, ಹಾಲಿಗೆ ನೀರು ಜಾಸ್ತಿಯಾಗಿದೆ ಎನ್ನುವಷ್ಟು ಸಹಜವಾಗಿ. "ಆ ಮಂಚದ್ ಮ್ಯಾಲೆ ಮಲಗ್ತಿದ್ದವ್ರು ನಿಮ್ಮಾವ. ನಾನ್ಯಾವತ್ತು ಕೂತಿದ್ದೆ ಅಲ್ಲಿ? ನಾನ್ ಎದ್ದು ಓದ್ನಲ್ಲ, ಅದ್ನ ತೋರ್ಸು."

"ಅದು ಕೆಟ್ಟೋಯ್ತು ಅತ್ತೆ."

"ಕೆಟ್ಟಿದ್ರೆ ಕೆಟ್ಟಿರ್ಲಿ, ತೋರ್ಸು."

"ಅಳಿಸಿಬಿಟ್ಟೆ."

ಅತ್ತೆ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು ಹಾಲಿನ ಕ್ಯಾನು ಎತ್ತಿಕೊಂಡಳು. "ಓಗ್ಲಿ ಬುಡು" ಎಂದು ಡೈರಿಯ ದಾರಿ ಹಿಡಿದಳು. ಬೈದಿದ್ದರೆ ನಾನೂ ತಿರುಗಿ ಏನಾದರೂ ಹೇಳಬಹುದಿತ್ತು. ಅವಳು ವಾಪಸು ಬರುವ ಮೊದಲೇ ಜೆಸಿಬಿ ಬಂದು ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸಿತ್ತು. ದೂಳು ಅಡಗಿದ ಮೇಲೆ ಲೋಕೇಶ ಒಳ್ಳೆಯ ಹೆಂಚುಗಳನ್ನು ಒಂದು ಕಡೆ ಜೋಡಿಸುತ್ತಿದ್ದ.

ಆಮೇಲಿನ ಮೂರು ವಾರ ನಾನು ಮನುಷ್ಯಳಾಗಿರಲಿಲ್ಲ. ಕ್ಯಾಮೆರಾದ ಕಾರ್ಡನ್ನು ಹಾಸನದ ಒಂದು ಅಂಗಡಿಗೆ ಕೊಟ್ಟೆ. ಅಳಿಸಿದ್ದನ್ನು ವಾಪಸು ತರಿಸುತ್ತೇವೆ ಎಂದರು. ತರಿಸಿಯೂ ತರಿಸಿದರು. ಕಾಲೇಜ್ ಡೇಯಲ್ಲಿ ಕಣ್ಣು ಮುಚ್ಚಿದ ಪ್ರಿನ್ಸಿಪಾಲರು, ನನ್ನದೇ ಹೆಬ್ಬೆರಳು, ಯಾವುದೋ ತಟ್ಟೆಯಲ್ಲಿದ್ದ ಅರ್ಧ ಹೋಳಿಗೆ. ಬೇಡವೆಂದು ಬಿಸಾಡಿದ್ದೆಲ್ಲ ಎದ್ದು ಬಂತು. ಅದೊಂದು ಬರಲಿಲ್ಲ. ಅದರ ಜಾಗದ ಮೇಲೆಯೇ ನನ್ನ ಅದ್ಭುತವಾದ ಐದನೆಯ ಚಿತ್ರ ಕೂತಿದೆಯಂತೆ.

ಅಳಿಸಿದ ಆ ಚಿತ್ರದಲ್ಲಿ ಏನಿತ್ತು? ಅದನ್ನು ನಾನು ನೋಡಿದ್ದು ಒಂದೇ ಕ್ಷಣ. ಮಂಚ ಖಾಲಿ, ಮಂಚದಿಂದ ಕಿಂಡಿಯವರೆಗೆ ಒಂದು ಬೆಳಕಿನ ಗೆರೆ, ತುದಿಯಲ್ಲಿ ದೀಪ ಹಚ್ಚಿದಂತೆ ಹೊಳೆಯುವ ಗಾಜು. ಇಷ್ಟು ಕಂಡೆನೆಂದು ಈಗ ಅನಿಸುತ್ತದೆ. ಆದರೆ ಅದರ ಬಗ್ಗೆ ಆ ರಾತ್ರಿಯ ದಿನಚರಿ ಹೇಳುವುದು ಮೂರೇ ಪದ. "ಅತ್ತೆ ಎದ್ದಳು. ಅಳಿಸಿದೆ." ಗಾಜು ಹೊಳೆಯುತ್ತಿತ್ತೋ, ಆಮೇಲೆ ನಾನೇ ಹೊಳೆಯಿಸಿದೆನೋ ಗೊತ್ತಿಲ್ಲ. ವಾರದಿಂದ ವಾರಕ್ಕೆ ಆ ಚಿತ್ರ ಚೆಂದವಾಗುತ್ತಿರುವುದು ನೋಡಿದರೆ ಅನುಮಾನ ಹೆಚ್ಚುತ್ತದೆ.

ಇದೇ ಸಂಕಟದಲ್ಲಿ ಅಟ್ಟದ ಮೇಲಿನ ಹಳೇ ದಿನಚರಿಗಳನ್ನು ಇಳಿಸಿದೆ. ದಸರಾ ರಜೆಗೆ ಅತ್ತೆಯ ಮನೆಗೆ ಹೋದಾಗ ಬ್ಯಾರನ್ನಿನ ಬೆಚ್ಚಗಿನ ಗೋಡೆಗೆ ಒರಗಿ ಸುಖವಾಗಿ ನಿದ್ದೆ ಮಾಡುತ್ತಿದ್ದೆ ಎಂಬ ನೆನಪನ್ನು ನಾನು ಎಷ್ಟೋ ಜನಕ್ಕೆ ಹೇಳಿಕೊಂಡಿದ್ದೇನೆ. ಹನ್ನೊಂದು ವರ್ಷದವಳ ದುಂಡಗಿನ ಅಕ್ಷರದಲ್ಲಿ ಇದ್ದದ್ದು ಬೇರೆ. "ಸೊಪ್ಪಿನ ವಾಸನೆ. ತಲೆನೋವು. ಮಾವ ಗೊರಕೆ. ಅತ್ತೆ ರಾತ್ರಿಯೆಲ್ಲ ಎದ್ದು ಎದ್ದು ಹೋಗುತ್ತಾಳೆ, ನನಗೆ ನಿದ್ದೆ ಇಲ್ಲ. ಊರಿಗೆ ಹೋಗಬೇಕು." ನೋಡಿ, ಎಲ್ಲವೂ ಅಲ್ಲೇ ಇತ್ತು. ನಾನೇ ಬರೆದಿದ್ದೆ. ಬೇಕಾದ್ದಕ್ಕೆ ಮಾತ್ರ ಬೆಳಕು ಬಿಟ್ಟುಕೊಂಡು ಮೂವತ್ತೇಳು ವರ್ಷ ಬೆಚ್ಚಗಿನ ಗೋಡೆಯ ಕಥೆ ಹೇಳುತ್ತ ಬಂದಿದ್ದೆ.

ಮುಂದಿನ ಶನಿವಾರ ಅರಕಲಗೂಡಿನ ಬಸ್ಸು ಹತ್ತಿದೆ. ಬ್ಯಾರನ್ ಇದ್ದ ಕಡೆ ಈಗ ಅಂಗೈಯಂತೆ ಸಪಾಟಾದ ಕೆಮ್ಮಣ್ಣು. ಶುಂಠಿಗೆ ಇನ್ನೂ ಮಡಿ ಮಾಡಿರಲಿಲ್ಲ. ನಾನು ಸ್ಟ್ಯಾಂಡು ಹೂಡುವುದನ್ನು ಕಂಡು ಅತ್ತೆಗೆ ನಗು.

"ಬ್ಯಾರನ್ನೇ ಇಲ್ಲ, ಏನ್ ತೆಗಿತೀಯೇ? ಮಣ್ಣಾ?"

"ನೀನು ಟಾರ್ಚು ಹಿಡ್ಕೊಂಡು, ಆವಾಗ ಹೋಗ್ತಿದ್ದ ಹಾಗೆ ಒಂದು ಸಲ ಹೋಗು ಅತ್ತೆ. ಟಾರ್ಚಿನ ಮುಖ ನನ್ನ ಕಡೆ ಕಾಣೋ ಹಾಗೆ ಸ್ವಲ್ಪ ಓರೆ ಹಿಡಿ. ಅಷ್ಟೆ."

"ಎಲ್ಲೀಗ್ ಓಗ್ಲಿ? ಕಿಂಡಿ ಎಲ್ಲೈತೆ?"

"ಎಲ್ಲಿತ್ತೋ ಅಲ್ಲಿಗೆ."

ನನ್ನ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದಳು. ಆದರೆ ತೆಂಗಿನ ಮರದ ಬುಡಕ್ಕೆ ಹೋಗಿ, ಎರಡು ಹೆಜ್ಜೆ ಈಚೆ ಸರಿದು, ಕಾಲಲ್ಲೇ ಜಾಗ ಹುಡುಕಿಕೊಂಡು ನಿಂತಳು. ಟಾರ್ಚು ಹೊತ್ತಿತು. ಅಲ್ಲಾಡಬೇಡ ಎನ್ನಲಿಲ್ಲ ನಾನು. ಯಾವುದಕ್ಕೂ ಬೆಳಕು ಸವರದೆ, ಕ್ಯಾಮೆರಾದ ಹಿಂದೆ ಕೈಕಟ್ಟಿ ನಿಂತೆ. ಅತ್ತೆ ನಡೆದಳು. ಬಯಲಿನ ನಡುವೆ ಒಂದು ಕಡೆ ನಿಂತಳು. ಕೈ ಮೇಲೆತ್ತಿ ಗಾಳಿಗೆ ಬೆಳಕು ಬಿಟ್ಟಳು. ಕತ್ತು ಚಾಚಿದಳು. ಎಷ್ಟು ಹೊತ್ತು ನಿಂತಳೆಂದು ಈ ಸಲ ಎಣಿಸಲಿಲ್ಲ.

ಅಂಗಳದ ಮೆಟ್ಟಿಲ ಮೇಲೆ ಕೂತು, ಲೋಕೇಶನೂ ಸೇರಿ, ಮೂವರೂ ನೋಡಿದೆವು. ಪರದೆಯ ತುಂಬ ಕಪ್ಪು. ಅದರ ಮೇಲೆ ಒಂದೇ ಒಂದು ಬೆಳಕಿನ ಗೆರೆ. ಸೊಂಟದೆತ್ತರದಲ್ಲಿ ನೇರವಾಗಿ ಸಾಗಿ, ಕೊನೆಯಲ್ಲಿ ಮೇಲೇರಿ, ಗಂಟು ಹಾಕಿದಂತೆ ದಪ್ಪಗೆ ಹೊಳೆದು ನಿಂತಿತ್ತು. ಅತ್ತೆ ಎಲ್ಲೂ ಇರಲಿಲ್ಲ.

"ಇದೇನಕ್ಕ, ಆವಾ?" ಎಂದ ಲೋಕೇಶ.

ಅತ್ತೆ ಕ್ಯಾಮೆರಾವನ್ನು ಅವನಿಂದ ಕಿತ್ತುಕೊಂಡು ಮಡಿಲಲ್ಲಿಟ್ಟುಕೊಂಡಳು. ಗೆರೆಯ ಆ ತುದಿಯನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದಳು. "ಇದ್ನ ದೊಡ್ದಾಗಿ ಮಾಡ್ಸು" ಎಂದಳು. "ನಿಮ್ಮಾವುನ್ದುಕ್ಕಿಂತ ದೊಡ್ದು."

ನನ್ನ ಕಣ್ಣು ಮಾತ್ರ ಗೆರೆಯ ಮಧ್ಯದಲ್ಲೇ ನಿಂತಿತ್ತು. ಅಲ್ಲೊಂದು ಕಡೆ ಬೆಳಕು ಗೇಣೆತ್ತರ ಮೇಲೆದ್ದು, ಮತ್ತೆ ಇಳಿದು, ಮೊದಲಿನ ಮಟ್ಟಕ್ಕೇ ಬಂದಿತ್ತು. ಕೈ ನಡುಗಿದ್ದಲ್ಲ. ನೆಲದಲ್ಲಿ ಉಬ್ಬು ಇದೆಯೇನೋ ಎಂದು ಎದ್ದು ಹೋಗಿ ಟಾರ್ಚು ಬಿಟ್ಟು ನೋಡಿದೆ. ಸಪಾಟಾದ ಮಣ್ಣು. ಅತ್ತೆಯ ಎರಡು ಹೆಜ್ಜೆಗಳ ನಡುವೆ ಆ ಒಂದು ಕಡೆ ಮಾತ್ರ ದೊಡ್ಡ ಅಂತರ.

"ಅಲ್ಲಿ ಒಲೆ ಬಾಯಿತ್ತು ಕಣಕ್ಕ" ಎಂದ ಲೋಕೇಶ ಕೂತಲ್ಲಿಂದಲೇ. "ಸೌದೆ ಉದ್ದುದ್ದ ಆಕ್ತಿದ್ವಿ. ಅರ್ಧ ಒಳ್ಗೆ ಉರೀತಿದ್ರೆ ಅರ್ಧ ಈಚೆಗೇ ಚಾಚ್ಕಂಡಿರೋವು, ದಾರಿಗಡ್ಡ."

ನಾನು ವಾಪಸು ಬಂದು ಅತ್ತೆಯ ಪಕ್ಕ ಕೂತೆ.

"ಅತ್ತೆ, ಈಗ ಅಲ್ಲಿ ಒಲೆ ಇಲ್ಲ, ಸೌದೆ ಇಲ್ಲ, ಏನೂ ಇಲ್ಲ. ಯಾಕೆ ದಾಟ್ದೆ?"

ಅತ್ತೆ ಪರದೆಯಿಂದ ತಲೆಯೆತ್ತಿದಳು. ಇಷ್ಟು ಓದಿದವಳಿಗೆ ಇದೂ ತಿಳಿಯದೇ ಎಂಬ ಬೇಸರ ಅವಳ ಮುಖದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು.

"ದಾಟ್ದೆ ಇದ್ರೆ ಕಾಲ್ ಸುಡಕ್ಕಿಲ್ವೇನೇ?" ಎಂದಳು.